ಲಿನಕ್ಸ್ ಸರ್ವರ್‌ಗೆ ಯಾವ ಮಾನಿಟರಿಂಗ್ ಏಜೆಂಟ್ ಹಾಕೋದು? ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಒಂದು ಹೋಲಿಕೆ

ಮಾನಿಟರಿಂಗ್ ಏಜೆಂಟ್ ಅಂದರೆ ಸರ್ವರ್ ಮೇಲೆ ಕೂತು ಅದರ ಆರೋಗ್ಯದ ಅಂಕಿಗಳನ್ನು ಒಪ್ಪಿಸುವ ಪ್ರೋಗ್ರಾಂ. ಯಾವ ಏಜೆಂಟ್ ಹಾಕಲಿ ಅಂತ ಯಾರಾದರೂ ಕೇಳಿದರೆ ನಾನು ವಾಪಸ್ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಸರ್ವರ್‌ಗಳನ್ನು ಹೊರಗಿನಿಂದ ಮುಟ್ಟಲು ದಾರಿ ಇದೆಯಾ? ಅಲರ್ಟ್ ಬಂದರೆ ರಾತ್ರಿ ಎದ್ದು ನೋಡುವವರು ಯಾರು? ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಅಲ್ಲೇ ಮುಗಿಯಿತು. ಗ್ರಾಫ್ ಎಷ್ಟು ಚೆಂದ, ಪ್ಲಗಿನ್ ಎಷ್ಟಿವೆ ಅನ್ನೋದೆಲ್ಲ ಆಮೇಲಿನ ಮಾತು.

ಇಂಟರ್ನೆಟ್‌ನಲ್ಲಿ ಸಿಗುವ ಹೋಲಿಕೆಗಳಲ್ಲಿ ಹೆಚ್ಚಿನವು ದೊಡ್ಡ ಕಂಪನಿಗಳಿಗೆ ಬರೆದವು. ಎಲ್ಲ ಸರ್ವರ್‌ಗಳೂ ಒಂದೇ ಕ್ಲೌಡ್‌ನಲ್ಲಿ, ಒಂದೇ ನೆಟ್‌ವರ್ಕ್‌ನಲ್ಲಿ ಇವೆ ಅಂದುಕೊಂಡು ಶುರು ಮಾಡುತ್ತವೆ. ನಮ್ಮ ಕಡೆ ಹಾಗಿರುವುದು ಅಪರೂಪ. ಮುಖ್ಯ ಕಚೇರಿ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ ಎಪಿಎಂಸಿ ಹತ್ತಿರವೋ ಇರುತ್ತದೆ. ಚಿತ್ರದುರ್ಗದಲ್ಲಿ ಒಂದು ಶಾಖೆ, ಚಳ್ಳಕೆರೆಯಲ್ಲಿ ಒಂದು, ಹಿರಿಯೂರಿನಲ್ಲಿ ಇನ್ನೊಂದು. ಪ್ರತಿ ಕಡೆ ಮೇಜಿನ ಕೆಳಗೆ ಉಬುಂಟು ಹಾಕಿದ ಒಂದು ಡಬ್ಬ, ಪಕ್ಕದಲ್ಲಿ ಯುಪಿಎಸ್, ಮನೆಗೆ ಹಾಕಿಸಿಕೊಳ್ಳುವಂಥದ್ದೇ ಫೈಬರ್ ಬ್ರಾಡ್‌ಬ್ಯಾಂಡ್. ಜೊತೆಗೆ ವೆಬ್‌ಸೈಟಿಗೆ ಅಂತ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಬಾಡಿಗೆಗೆ ತಗೊಂಡ ಒಂದು ವಿಪಿಎಸ್, ಅಂದರೆ ವರ್ಚುವಲ್ ಸರ್ವರ್. ಮಂಡಿ ಲೆಕ್ಕದ ಸಾಫ್ಟ್‌ವೇರ್ ಇರಲಿ, ನರ್ಸಿಂಗ್ ಹೋಮ್ ಬಿಲ್ಲಿಂಗ್ ಇರಲಿ, ಕಾಲೇಜಿನ ಹಾಜರಾತಿ ಇರಲಿ, ನಕ್ಷೆ ಹೆಚ್ಚುಕಮ್ಮಿ ಇದೇ.

ಈ ಬ್ರಾಡ್‌ಬ್ಯಾಂಡ್ ಅನ್ನೋದೇ ಇಲ್ಲಿ ನಿಜವಾದ ತೊಡಕು. ರೂಟರ್ ಆಫ್ ಆಗಿ ಆನ್ ಆದರೆ ಐಪಿ ಬದಲಾಗುತ್ತದೆ. ಎಷ್ಟೋ ಕಡೆ ಒಂದೇ ಪಬ್ಲಿಕ್ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿರುತ್ತಾರೆ, ಆಗ ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಒಳಗೆ ಬರಲು ಆಗುವುದಿಲ್ಲ. ಸ್ಟ್ಯಾಟಿಕ್ ಐಪಿ ಬೇಕು ಅಂದರೆ ಬೇರೆ ದುಡ್ಡು. ನಿಮ್ಮ ಶಾಖೆ ಯಾವ ಗುಂಪಿನದು ಅಂತ ತಿಳಿಯಲು ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನಿಮ್ಮದು ಹಂಚಿಕೆಯ ಐಪಿ. ರೂಟರ್ ತೋರಿಸುವ ಐಪಿ ಒಂದು, ವೆಬ್‌ಸೈಟ್‌ಗಳು ತೋರಿಸುವ ಐಪಿ ಇನ್ನೊಂದು ಆಗಿದ್ದರೂ ಹೆಚ್ಚಾಗಿ ಅದೇ ಕಥೆ.

ಎಳೆಯುವುದೋ, ತಳ್ಳುವುದೋ

ಏಜೆಂಟ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಮಾನಿಟರಿಂಗ್ ಸರ್ವರ್ ತಾನೇ ಪ್ರತಿ ಯಂತ್ರದ ಹತ್ತಿರ ಹೋಗಿ ಅಂಕಿಗಳನ್ನು ಎಳೆದುಕೊಂಡು ಬರುತ್ತದೆ. ಇನ್ನೊಂದರಲ್ಲಿ ಯಂತ್ರದ ಮೇಲಿನ ಏಜೆಂಟ್ ತಾನೇ ಸರ್ವರ್‌ಗೆ ಕಳಿಸುತ್ತದೆ. ಮೊದಲನೆಯದು ಕರೆಂಟ್ ಮೀಟರ್ ನೋಡುವವನು ಮನೆಮನೆಗೆ ಬಂದ ಹಾಗೆ. ಬಾಗಿಲು ಹಾಕಿದ್ದರೆ ರೀಡಿಂಗ್ ಇಲ್ಲ. ಹಿರಿಯೂರಿನ ಶಾಖೆಯ ರೂಟರ್ ಹಾಕಿದ ಬಾಗಿಲೇ, ಅಲ್ವಾ?

ಹಾಗಂತ ಎಳೆಯುವ ವಿಧಾನ ಕೆಟ್ಟದ್ದಲ್ಲ. ಅದರಲ್ಲಿ ಒಂದು ದೊಡ್ಡ ಲಾಭ ಇದೆ: ಯಂತ್ರ ಸತ್ತರೆ ಮುಂದಿನ ಸುತ್ತಿನಲ್ಲೇ ಗೊತ್ತಾಗುತ್ತದೆ, ಏಕೆಂದರೆ ಕೇಳಿದವನಿಗೆ ಉತ್ತರ ಬರಲಿಲ್ಲ. ತಳ್ಳುವ ವಿಧಾನದಲ್ಲಿ ಸುದ್ದಿ ಬರದೇ ಇರುವುದನ್ನೇ ಸುದ್ದಿ ಅಂತ ತಿಳಿಯಲು ಬೇರೆ ನಿಯಮ ಬರೆಯಬೇಕು. ಗಡಿಯಾರದ ವಿಷಯವೂ ಇದೆ. ಎಳೆಯುವ ಜಾತಿಯ ಪ್ರೊಮೀಥಿಯಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ ತಾನು ಎಳೆದುಕೊಂಡ ಹೊತ್ತನ್ನೇ ಅಂಕಿಗೆ ಹಚ್ಚುತ್ತದೆ, ಹಾಗಾಗಿ ಆ ಯಂತ್ರದ ಟೈಮ್ ತಪ್ಪಾಗಿದ್ದರೂ ಗ್ರಾಫ್ ಕೆಡುವುದಿಲ್ಲ. ತಳ್ಳುವ ಏಜೆಂಟ್‌ಗಳು ಸಾಮಾನ್ಯವಾಗಿ ತಮ್ಮ ಯಂತ್ರದ ಟೈಮನ್ನೇ ಹಚ್ಚಿ ಕಳಿಸುತ್ತವೆ. ಸಿಮಾಸ್ ಬ್ಯಾಟರಿ ಹೋದ ಹಳೆಯ ಡಬ್ಬ ಇದ್ದರೆ ಮೊದಲು ಕ್ರೋನಿ ಹಾಕಿ ಟೈಮ್ ಸರಿ ಮಾಡಿ, ಆಮೇಲೆ ಏಜೆಂಟ್.

ನೋಡ್ ಎಕ್ಸ್‌ಪೋರ್ಟರ್

ಪ್ರೊಮೀಥಿಯಸ್ 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯೊಳಗೆ ಹುಟ್ಟಿದ್ದು. ಅದರ ಲಿನಕ್ಸ್ ಏಜೆಂಟೇ ನೋಡ್ ಎಕ್ಸ್‌ಪೋರ್ಟರ್. ಇದು ಒಂದೇ ಒಂದು ಫೈಲ್. 9100ನೇ ಪೋರ್ಟ್‌ನಲ್ಲಿ ಕೂತು, ಕೇಳಿದವರಿಗೆ ಆ ಕ್ಷಣದ ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಅಂಕಿಗಳನ್ನು ಹೇಳುತ್ತದೆ. ತಾನು ಏನನ್ನೂ ಕೂಡಿಡುವುದಿಲ್ಲ, ಯಾರಿಗೂ ಅಲರ್ಟ್ ಕಳಿಸುವುದಿಲ್ಲ. ಕೂಡಿಡುವುದು ಪ್ರೊಮೀಥಿಯಸ್ ಕೆಲಸ, ಅದೂ ನೀವು ಬದಲಿಸದಿದ್ದರೆ 15 ದಿನ ಮಾತ್ರ. ಅಲರ್ಟ್ ಕಳಿಸಲು ಅಲರ್ಟ್‌ಮ್ಯಾನೇಜರ್, ಗ್ರಾಫ್‌ಗೆ ಗ್ರಫಾನಾ. ಅಂದರೆ ಏಜೆಂಟ್ ಹಗುರ, ಆದರೆ ಅದರ ಹಿಂದಿನ ಸಂಸಾರ ದೊಡ್ಡದು.

ಹಾಕುವುದು ಸುಲಭ. ಡೆಬಿಯನ್, ಉಬುಂಟುವಿನಲ್ಲಿ ಆಪ್ಟ್‌ನಲ್ಲೇ ಸಿಗುತ್ತದೆ, ಆವೃತ್ತಿ ಸ್ವಲ್ಪ ಹಳೆಯದಿರಬಹುದು ಅಷ್ಟೆ. ಹೊಸದೇ ಬೇಕಾದರೆ ಟಾರ್ ಫೈಲ್ ಇಳಿಸಿ, ಬಿಚ್ಚಿ, ಲೋಕಲ್ ಬಿನ್‌ಗೆ ಹಾಕಿ, ಶೆಲ್ ಇಲ್ಲದ ಒಬ್ಬ ಸಿಸ್ಟಮ್ ಯೂಸರ್ ಮಾಡಿ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ಭಾಗ) ಯೂನಿಟ್ ಬರೆದು ಎನೇಬಲ್ ಮಾಡಿ. ರೂಟ್ ಆಗಿ ಓಡಿಸಬೇಡಿ, ಅದಕ್ಕೆ ರೂಟ್ ಬೇಕಾಗಿಯೂ ಇಲ್ಲ.

ರಾಕಿ, ಅಲ್ಮಾ ಥರದ ಲಿನಕ್ಸ್ ಇರುವ ಯಂತ್ರಗಳಲ್ಲಿ ಒಂದು ಗಂಟು ಸಿಗುತ್ತದೆ, ಅದನ್ನು ಹೇಳಲೇಬೇಕು. ಫೈಲನ್ನು ಹೋಮ್ ಫೋಲ್ಡರ್‌ಗೆ ಇಳಿಸಿಕೊಂಡು, ಎಂವಿ ಕಮಾಂಡ್‌ನಲ್ಲಿ ಲೋಕಲ್ ಬಿನ್‌ಗೆ ಸರಿಸಿರುತ್ತೀರಿ. ಪರ್ಮಿಷನ್ ಸರಿ ಇದೆ, ಕೈಯಿಂದ ಓಡಿಸಿದರೆ ಓಡುತ್ತದೆ. ಆದರೆ ಸಿಸ್ಟಮ್‌ಡಿ ಮೂಲಕ ಶುರು ಮಾಡಿದರೆ 203 ಅನ್ನುವ ಎಕ್ಸೆಕ್ ದೋಷ. ಸರಿಸಿದ ಫೈಲ್ ತನ್ನ ಹಳೆಯ ಎಸ್‌ಇಲಿನಕ್ಸ್ (ಲಿನಕ್ಸ್‌ನ ಭದ್ರತಾ ಕಾವಲು) ಲೇಬಲ್ ಹೊತ್ತುಕೊಂಡೇ ಬಂದಿರುತ್ತದೆ, ಹೋಮ್ ಫೋಲ್ಡರ್ ಲೇಬಲ್ ಇರುವ ಫೈಲನ್ನು ಓಡಿಸಲು ಸಿಸ್ಟಮ್‌ಡಿಗೆ ಅನುಮತಿ ಇಲ್ಲ. ರಿಸ್ಟೋರ್‌ಕಾನ್ ಒಂದು ಸಲ ಓಡಿಸಿ, ಸರಿ ಹೋಗುತ್ತದೆ. ಸಿಪಿ ಬಳಸಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ದಯವಿಟ್ಟು ಇದಕ್ಕೋಸ್ಕರ ಎಸ್‌ಇಲಿನಕ್ಸ್ ಆಫ್ ಮಾಡಬೇಡಿ.

ಇನ್ನೊಂದು ಮಾತು, ಬಾಗಿಲ ಬಗ್ಗೆ. ನೋಡ್ ಎಕ್ಸ್‌ಪೋರ್ಟರ್ ಹಾಕಿದ ಕೂಡಲೇ ಎಲ್ಲ ಇಂಟರ್‌ಫೇಸ್‌ಗಳಲ್ಲೂ ಪಾಸ್‌ವರ್ಡ್ ಇಲ್ಲದೆ ತೆರೆದು ಕೂರುತ್ತದೆ. ವಿಪಿಎಸ್ ಮೇಲೆ ಹಾಗೇ ಬಿಟ್ಟರೆ ನಿಮ್ಮ ಕರ್ನಲ್ ಆವೃತ್ತಿ, ಮೌಂಟ್ ಹೆಸರುಗಳು ಎಲ್ಲರಿಗೂ ಕಾಣುತ್ತವೆ. ಯುಎಫ್‌ಡಬ್ಲ್ಯು ಫೈರ್‌ವಾಲ್‌ನಲ್ಲಿ 9100 ಅನ್ನು ಪ್ರೊಮೀಥಿಯಸ್ ಇರುವ ಐಪಿಗೆ ಮಾತ್ರ ಬಿಡಿ. ಡಾಕರ್ ಕಂಟೇನರ್‌ನಲ್ಲಿ ಪೋರ್ಟ್ ಪಬ್ಲಿಶ್ ಮಾಡಿ ಓಡಿಸಿದರೆ ಯುಎಫ್‌ಡಬ್ಲ್ಯು ನಿಯಮ ಅದಕ್ಕೆ ತಾಗುವುದಿಲ್ಲ, ಡಾಕರ್ ತನ್ನದೇ ಐಪಿಟೇಬಲ್ಸ್ ನಿಯಮ ಹಾಕಿಕೊಳ್ಳುತ್ತದೆ. ಈ ಏಜೆಂಟನ್ನು ಕಂಟೇನರ್‌ನಲ್ಲಿ ಹಾಕದಿರುವುದೇ ಒಳ್ಳೆಯದು.

ಇದರಲ್ಲಿ ನನಗೆ ತುಂಬಾ ಇಷ್ಟ ಆಗುವುದು ಟೆಕ್ಸ್ಟ್‌ಫೈಲ್ ಕಲೆಕ್ಟರ್. ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಮುಗಿದ ಮೇಲೆ, ಮುಗಿದ ಹೊತ್ತು ಮತ್ತು ಬ್ಯಾಕಪ್ ಗಾತ್ರ ಎರಡನ್ನೂ ಪ್ರಾಮ್ ಅನ್ನುವ ಎಕ್ಸ್‌ಟೆನ್ಶನ್ ಇರುವ ಒಂದು ಫೈಲ್‌ಗೆ ಬರೆದರೆ ಸಾಕು, ಅದೂ ಒಂದು ಅಂಕಿಯಾಗಿ ಬರುತ್ತದೆ. ಬರೆಯುವಾಗ ಬೇರೆ ಹೆಸರಲ್ಲಿ ಬರೆದು ಕೊನೆಗೆ ಹೆಸರು ಬದಲಿಸಿ, ಇಲ್ಲದಿದ್ದರೆ ಅರ್ಧ ಬರೆದ ಫೈಲನ್ನು ಓದಿಬಿಡುತ್ತದೆ. ಎಪಿಎಂಸಿ ಕಡೆಯ ಅಂಗಡಿಗಳಲ್ಲಿ ಮೆಕ್ಕೆಜೋಳದ ಸೀಸನ್‌ನಲ್ಲಿ ಡೇಟಾಬೇಸ್ ದಿನದಿನಕ್ಕೆ ಉಬ್ಬುತ್ತದೆ. ಆಗ ಬ್ಯಾಕಪ್ ನಡೆದಿದೆಯಾ ಅನ್ನುವುದಷ್ಟೇ ಸಾಲದು. ನಿನ್ನೆಗಿಂತ ಗಾತ್ರ ಕುಗ್ಗಿದೆಯಾ ಅಂತಲೂ ನೋಡಬೇಕು. ಕುಗ್ಗಿದ್ದರೆ ಡಂಪ್ ನಡುವೆ ನಿಂತಿರುವ ಸಾಧ್ಯತೆ ಜಾಸ್ತಿ.

ಶಾಖೆಗಳಿಗೆ ಇದನ್ನೇ ಬಳಸಬೇಕು ಅಂದರೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ಹಾಕಿ. 5.6ನೇ ಕರ್ನಲ್‌ನಿಂದ, ಅಂದರೆ 2020ರಿಂದ, ಅದು ಲಿನಕ್ಸ್ ಒಳಗೇ ಇದೆ. ಶಾಖೆಯಿಂದ ವಿಪಿಎಸ್‌ಗೆ ಸುರಂಗ ಕಟ್ಟಿ, ಶಾಖೆಯ ಬದಿಯಲ್ಲಿ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ಹಂಚಿಕೆಯ ಐಪಿ ಇದ್ದರೂ ನಡೆಯುತ್ತದೆ, ಏಕೆಂದರೆ ಶಾಖೆಯೇ ಮೊದಲು ಹೊರಗೆ ಹೋಗುತ್ತದೆ. ಒಂದೆರಡು ಶಾಖೆಗೆ ಇದು ಚೆನ್ನಾಗಿದೆ. ಹದಿನೈದಿಪ್ಪತ್ತು ಶಾಖೆಗೆ ಕೀಲಿಗಳನ್ನು ನೋಡಿಕೊಳ್ಳುವುದೇ ಒಂದು ಉದ್ಯೋಗ. ಸುರಂಗ ಬೇಡ ಅಂದರೆ ಪ್ರೊಮೀಥಿಯಸ್‌ನ ಏಜೆಂಟ್ ಮೋಡ್ ಬಳಸಿ ರಿಮೋಟ್ ರೈಟ್ ಮೂಲಕ ತಳ್ಳಬಹುದು, ಗ್ರಫಾನಾದ ಅಲಾಯ್ ಕೂಡ ಅದನ್ನೇ ಮಾಡುತ್ತದೆ. ಹಳೆಯ ಲೇಖನ ನೋಡಿ ಗ್ರಫಾನಾ ಏಜೆಂಟ್ ಹಾಕಲು ಮಾತ್ರ ಹೋಗಬೇಡಿ, ಅದರ ಬೆಂಬಲ 2025ರ ನವೆಂಬರ್‌ಗೆ ಮುಗಿದಿದೆ.

ಜ್ಯಾಬಿಕ್ಸ್ ಏಜೆಂಟ್

ಶಾಖೆಗಳ ನಕ್ಷೆಗೆ ನನ್ನ ಮತ ಇದಕ್ಕೇ. ಜ್ಯಾಬಿಕ್ಸ್ ಕೂಡ ಪೂರ್ತಿ ಮಾನಿಟರಿಂಗ್ ಸಾಫ್ಟ್‌ವೇರ್, ಲಾಟ್ವಿಯಾದ ಅಲೆಕ್ಸಿ ವ್ಲಾಡಿಶೇವ್ ಶುರು ಮಾಡಿದ್ದು, 2001ರಿಂದ ಓಪನ್ ಸೋರ್ಸ್ ಆಗಿ ಸಿಗುತ್ತಿದೆ. ಇಲ್ಲಿ ಎರಡೂ ವಿಧಾನ ಇವೆ. ಪ್ಯಾಸಿವ್ ಅಂದರೆ ಸರ್ವರ್ ಬಂದು ಏಜೆಂಟ್‌ನ 10050ನೇ ಪೋರ್ಟ್ ತಟ್ಟುತ್ತದೆ. ಆಕ್ಟಿವ್ ಅಂದರೆ ಏಜೆಂಟೇ ಸರ್ವರ್‌ನ 10051ಕ್ಕೆ ಹೋಗಿ, ನಾನು ಏನೇನು ನೋಡಬೇಕು ಅಂತ ಪಟ್ಟಿ ಕೇಳಿಕೊಂಡು ಬಂದು, ಅಂಕಿ ಕಳಿಸುತ್ತದೆ. ಚಳ್ಳಕೆರೆ ಶಾಖೆಗೆ ಆಕ್ಟಿವ್ ಹಾಕಿದರೆ ಆಯಿತು. ಶಾಖೆಯ ರೂಟರ್ ಮುಟ್ಟುವುದೇ ಬೇಡ, ತೆರೆಯಬೇಕಾದ್ದು ಸರ್ವರ್ ಕಡೆಯ ಒಂದೇ ಪೋರ್ಟ್.

ಕಾನ್ಫಿಗ್ ಫೈಲ್‌ನಲ್ಲಿ ಮೂರು ಸಾಲು ಮುಖ್ಯ. ಸರ್ವರ್ ಅನ್ನುವ ಸಾಲು ಪ್ಯಾಸಿವ್‌ಗೆ: ಯಾವ ಐಪಿಯಿಂದ ಬಂದವರಿಗೆ ಉತ್ತರ ಕೊಡಬೇಕು ಅಂತ. ಸರ್ವರ್‌ಆಕ್ಟಿವ್ ಅನ್ನುವ ಸಾಲು: ಎಲ್ಲಿಗೆ ಕಳಿಸಬೇಕು ಅಂತ. ಹೋಸ್ಟ್‌ನೇಮ್ ಅನ್ನುವ ಸಾಲು: ನಾನು ಯಾರು ಅಂತ. ಜನ ಎಡವುವುದು ಈ ಮೂರನೆಯದರಲ್ಲಿ. ಜ್ಯಾಬಿಕ್ಸ್ ವೆಬ್ ಪರದೆಯಲ್ಲಿ ಕೊಟ್ಟ ಹೋಸ್ಟ್ ಹೆಸರೂ ಇದೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು, ದೊಡ್ಡಕ್ಷರ ಚಿಕ್ಕಕ್ಷರ ಕೂಡ. ಇಲ್ಲದಿದ್ದರೆ ಏಜೆಂಟ್ ಓಡುತ್ತಲೇ ಇರುತ್ತದೆ, ಸಿಸ್ಟಮ್‌ಡಿ ಹಸಿರು ತೋರಿಸುತ್ತದೆ, ಅಂಕಿ ಮಾತ್ರ ಬರುವುದಿಲ್ಲ. ಲಾಗ್ ತೆಗೆದು ನೋಡಿದರೆ ಆ ಹೋಸ್ಟ್ ಸಿಗಲಿಲ್ಲ ಅಂತ ನೇರವಾಗಿ ಬರೆದಿರುತ್ತದೆ. ಒಂದು ಯಂತ್ರದ ಡಿಸ್ಕ್ ಇಮೇಜ್ ನಕಲು ಮಾಡಿ ಮೂರು ಶಾಖೆಗೆ ಹಾಕಿದ ಕಡೆ ಇದರ ಉಲ್ಟಾ ಕಾಟ: ಮೂರೂ ಒಂದೇ ಹೆಸರಲ್ಲಿ ಕಳಿಸುತ್ತವೆ, ಗ್ರಾಫ್ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಕುಣಿಯುತ್ತದೆ. ಇಮೇಜ್ ಮಾಡುವ ಮೊದಲೇ ಆ ಸಾಲು ಖಾಲಿ ಮಾಡಿ. ಆಗ ಏಜೆಂಟ್ ಯಂತ್ರದ ಹೆಸರನ್ನೇ ಎತ್ತಿಕೊಳ್ಳುತ್ತದೆ. ಯಂತ್ರದ ಹೆಸರನ್ನೂ ಬದಲಿಸಿರಬೇಕು ಅನ್ನಿ.

ಹಳೆಯ ಏಜೆಂಟ್ ಒಂದಿದೆ, ಏಜೆಂಟ್ 2 ಅಂತ ಗೋ ಭಾಷೆಯಲ್ಲಿ ಬರೆದದ್ದು ಇನ್ನೊಂದಿದೆ. ತುಂಬಾ ಸಣ್ಣ ಯಂತ್ರಕ್ಕೆ ಹಳೆಯದೇ ಸಾಕು. ಅದರಲ್ಲಿ ಸ್ಟಾರ್ಟ್‌ಏಜೆಂಟ್ಸ್ ಸೊನ್ನೆ ಮಾಡಿದರೆ ಪೋರ್ಟ್ ತೆರೆಯುವುದೇ ಇಲ್ಲ, ಬರೀ ಆಕ್ಟಿವ್ ಆಗಿ ಓಡುತ್ತದೆ. ಶಾಖೆಗೆ ಮಾತ್ರ ನಾನು ಏಜೆಂಟ್ 2 ಅನ್ನುತ್ತೇನೆ, ಕಾರಣ ಒಂದೇ: ಪರ್ಸಿಸ್ಟೆಂಟ್ ಬಫರ್. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ಫೈಬರ್ ಪೆಟ್ಟಿಗೆ ಆಫ್ ಆಗುತ್ತದೆ, ಸರ್ವರ್ ಯುಪಿಎಸ್ ಮೇಲೆ ಓಡುತ್ತಿರುತ್ತದೆ. ಆ ಹೊತ್ತಿನ ಅಂಕಿಗಳನ್ನು ಏಜೆಂಟ್ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಲೈನ್ ಬಂದ ಮೇಲೆ ಕಳಿಸುತ್ತದೆ. ತಾನಾಗಿ ಆನ್ ಇರುವುದಿಲ್ಲ, ಕಾನ್ಫಿಗ್‌ನಲ್ಲಿ ಎನೇಬಲ್ ಮಾಡಿ ಫೈಲ್ ಎಲ್ಲಿ ಅಂತ ಹೇಳಬೇಕು. ಅವಧಿ ಒಂದು ಗಂಟೆ ಇರುತ್ತದೆ, ನಮ್ಮ ಕಡೆಗೆ ಅದು ಕಡಿಮೆ, ಒಂದು ದಿನ ಮಾಡಿಕೊಳ್ಳಿ. ಪ್ರೊಮೀಥಿಯಸ್ ಎಳೆಯುವ ವಿಧಾನದಲ್ಲಿ ಈ ಸೌಕರ್ಯ ಇಲ್ಲ. ಲೈನ್ ಇಲ್ಲದ ಹೊತ್ತು ಗ್ರಾಫ್‌ನಲ್ಲಿ ಖಾಲಿ.

ಇಂಟರ್ನೆಟ್ ಮೇಲೆ ಕಳಿಸುವುದರಿಂದ ಎನ್‌ಕ್ರಿಪ್ಷನ್ ಹಾಕಲೇಬೇಕು. ಸರ್ಟಿಫಿಕೇಟ್ ತಲೆನೋವು ಬೇಡ ಅಂದರೆ ಪಿಎಸ್‌ಕೆ (ಎರಡೂ ಕಡೆ ಮೊದಲೇ ಇಟ್ಟ ಒಂದೇ ಗುಟ್ಟಿನ ಕೀಲಿ) ಸಾಕು: ಓಪನ್‌ಎಸ್‌ಎಸ್‌ಎಲ್‌ನಲ್ಲಿ 32 ಬೈಟ್‌ನ ಒಂದು ಹೆಕ್ಸ್ ಕೀಲಿ ಮಾಡಿ, ಫೈಲ್‌ನಲ್ಲಿಟ್ಟು ಜ್ಯಾಬಿಕ್ಸ್ ಯೂಸರ್‌ಗೆ ಮಾತ್ರ ಓದಲು ಬಿಡಿ, ಅದೇ ಕೀಲಿ ವೆಬ್ ಪರದೆಯಲ್ಲೂ ಹಾಕಿ. ಪ್ರತಿ ಶಾಖೆಗೆ ಬೇರೆ ಬೇರೆ ಕೀಲಿ ಮತ್ತು ಗುರುತು ಇರಲಿ. ಟೆಂಪ್ಲೇಟ್ ಆರಿಸುವಾಗ ಹೆಸರಿನ ಕೊನೆಯಲ್ಲಿ ಆಕ್ಟಿವ್ ಅಂತ ಇರುವ ಲಿನಕ್ಸ್ ಟೆಂಪ್ಲೇಟನ್ನೇ ಹಾಕಿ. ಬರೀ ಏಜೆಂಟ್ ಅಂತ ಇರುವುದು ಪ್ಯಾಸಿವ್‌ಗೆ.

ತೊಂದರೆ ಏನು ಅಂದರೆ ಸರ್ವರ್ ಕಡೆ ಭಾರ. ಡೇಟಾಬೇಸ್ ಬೇಕು, ವೆಬ್ ಪರದೆಗೆ ಪಿಎಚ್‌ಪಿ ಬೇಕು, ಕಲಿಯುವುದೂ ಜಾಸ್ತಿ. ಮೆನುಗಳೊಳಗೆ ಮೆನು. ಮೊದಲ ವಾರ ಬೇಜಾರಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಲರ್ಟ್, ಗ್ರಾಫ್, ಇತಿಹಾಸ, ಯಾರಿಗೆ ಯಾವಾಗ ಹೇಳಬೇಕು ಅನ್ನುವುದೆಲ್ಲ ಒಂದೇ ಕಡೆ ಇದೆ, ಮತ್ತು ಯಾಮಲ್ ಅನ್ನುವ ಕಾನ್ಫಿಗ್ ಬರಹ ಬರೆಯಲು ಬಾರದ ಸಹೋದ್ಯೋಗಿಯೂ ಮೌಸ್‌ನಲ್ಲೇ ನಡೆಸಬಹುದು.

ಉಳಿದವು

ನೆಟ್‌ಡೇಟಾ ನೋಡಲು ಬಲು ಚೆಂದ. ಹಾಕಿದ ತಕ್ಷಣ ಯಂತ್ರದಲ್ಲಿ ಏನೇನಿದೆ ಅಂತ ತಾನೇ ಹುಡುಕಿ, ಸೆಕೆಂಡಿಗೊಂದು ಅಂಕಿಯಂತೆ 19999ನೇ ಪೋರ್ಟ್‌ನಲ್ಲಿ ತೋರಿಸುತ್ತದೆ. ಸರ್ವರ್ ಸಾಯಂಕಾಲ ಐದಕ್ಕೇ ಯಾಕೆ ನಿಧಾನ ಆಗುತ್ತದೆ ಅಂತ ಹುಡುಕುವಾಗ ಇದಕ್ಕಿಂತ ಬೇಗ ಉತ್ತರ ಕೊಡುವುದು ಇಲ್ಲ. ಆದರೆ ನೋಡ್ ಎಕ್ಸ್‌ಪೋರ್ಟರ್‌ಗಿಂತ ಮೆಮೊರಿ ಜಾಸ್ತಿ ತಿನ್ನುತ್ತದೆ, 1 ಜಿಬಿ ವಿಪಿಎಸ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಅವರ ಕಿಕ್‌ಸ್ಟಾರ್ಟ್ ಸ್ಕ್ರಿಪ್ಟನ್ನು ಹಾಗೇ ಓಡಿಸಿದರೆ ನೈಟ್ಲಿ ಆವೃತ್ತಿ ಬರುತ್ತದೆ, ತಾನೇ ಅಪ್‌ಡೇಟ್ ಆಗುತ್ತಿರುತ್ತದೆ, ಬಳಕೆಯ ಅಂಕಿಅಂಶವೂ ಅವರಿಗೆ ಹೋಗುತ್ತದೆ. ಮೂರನ್ನೂ ಬೇಡ ಅನ್ನಲು ಆಯ್ಕೆಗಳಿವೆ, ಬಿಲ್ಲಿಂಗ್ ಸರ್ವರ್ ಮೇಲಾದರೆ ಸ್ಟೇಬಲ್ ಚಾನೆಲನ್ನೇ ಕೇಳಿ ಹಾಕಿ. ಪೋರ್ಟನ್ನು ಲೋಕಲ್‌ಹೋಸ್ಟ್‌ಗೆ ಕಟ್ಟಿ, ಎಸ್‌ಎಸ್‌ಎಚ್ ಸುರಂಗದಲ್ಲಿ ನೋಡಿ.

ಟೆಲಿಗ್ರಾಫ್ ತಳ್ಳುವ ಜಾತಿಯದು, 10 ಸೆಕೆಂಡಿಗೊಮ್ಮೆ ಅಂಕಿ ತೆಗೆಯುತ್ತದೆ, ಪ್ಲಗಿನ್‌ಗಳು ರಾಶಿ. ಈಗಾಗಲೇ ಇನ್‌ಫ್ಲಕ್ಸ್‌ಡಿಬಿ ಡೇಟಾಬೇಸ್ ಇಟ್ಟುಕೊಂಡವರಿಗೆ ಸರಿ. ಬರೀ ಸರ್ವರ್ ಆರೋಗ್ಯ ನೋಡಲು ಅಂತ ಅದನ್ನು ಹೊಸದಾಗಿ ತರುವ ಅಗತ್ಯ ನನಗೆ ಕಾಣುವುದಿಲ್ಲ.

ಒಂದೇ ಸರ್ವರ್ ಇರುವವರಿಗೆ ಇದ್ಯಾವುದೂ ಬೇಡ, ಮೊನಿಟ್ ಹಾಕಿ. ಪುಟ್ಟ ಪ್ರೋಗ್ರಾಂ. ಎನ್‌ಜಿನ್‌ಎಕ್ಸ್ ವೆಬ್ ಸರ್ವರ್ ಬಿದ್ದರೆ ತಾನೇ ಎಬ್ಬಿಸುತ್ತದೆ, ಡಿಸ್ಕ್ ತುಂಬುತ್ತಾ ಬಂದರೆ ಮೇಲ್ ಕಳಿಸುತ್ತದೆ. ಇತಿಹಾಸದ ಗ್ರಾಫ್ ಇಲ್ಲ. ಜೆರಾಕ್ಸ್ ಅಂಗಡಿ ಪಕ್ಕದ ಸಣ್ಣ ಕಚೇರಿಗೆ ಅದು ಬೇಕಾಗಿಯೂ ಇಲ್ಲ.

ದುಡ್ಡು ಕೊಟ್ಟು ಕೊಳ್ಳುವ ಕ್ಲೌಡ್ ಸೇವೆಗಳು ಕೆಲಸ ಹಗುರ ಮಾಡುತ್ತವೆ ನಿಜ, ಆದರೆ ಸರ್ವರ್ ಒಂದಕ್ಕೆ ಇಷ್ಟು ಅಂತ ತಿಂಗಳ ಲೆಕ್ಕ, ಅದೂ ಡಾಲರ್‌ನಲ್ಲಿ. ಮಾಲೀಕರಿಗೆ ವಿವರಿಸುವುದು ನಿಮ್ಮ ಜವಾಬ್ದಾರಿ.

ಮಾನಿಟರಿಂಗ್ ಸರ್ವರ್ ಎಲ್ಲಿಡಬೇಕು

ಇದು ಏಜೆಂಟ್ ಆಯ್ಕೆಯಷ್ಟೇ ದೊಡ್ಡ ತೀರ್ಮಾನ. ದಾವಣಗೆರೆಯ ಕಚೇರಿಯಲ್ಲೇ ಇಟ್ಟರೆ, ಅಲ್ಲಿ ಕರೆಂಟ್ ಹೋದಾಗ ನೋಡುವವನೂ ಮಲಗುತ್ತಾನೆ, ನೋಡಬೇಕಾದ್ದೂ ಮಲಗುತ್ತದೆ, ನಿಮ್ಮ ಫೋನ್ ಮಾತ್ರ ತಣ್ಣಗಿರುತ್ತದೆ. ಹೊರಗಿನ ವಿಪಿಎಸ್‌ನಲ್ಲಿಡಿ. ಜ್ಯಾಬಿಕ್ಸ್ ಆಕ್ಟಿವ್ ಆಗಲಿ, ವೈರ್‌ಗಾರ್ಡ್ ಮೇಲಿನ ಪ್ರೊಮೀಥಿಯಸ್ ಆಗಲಿ, ಎರಡಕ್ಕೂ ಅದೇ ಅನುಕೂಲ. ಆ ವಿಪಿಎಸ್ಸೇ ಬಿದ್ದರೆ? ಪ್ರೊಮೀಥಿಯಸ್‌ನವರು ಯಾವಾಗಲೂ ಉರಿಯುತ್ತಿರುವ ಒಂದು ಅಲರ್ಟ್ ಇಡುತ್ತಾರೆ, ಅದು ನಿಂತರೆ ಹೊರಗಿನ ಇನ್ನೊಂದು ಸೇವೆ ಕೂಗುತ್ತದೆ. ಜ್ಯಾಬಿಕ್ಸ್ ಇದ್ದರೆ ಕಚೇರಿಯ ಡಬ್ಬದಲ್ಲಿ ಒಂದು ಕ್ರಾನ್ ಇಟ್ಟು ಹತ್ತು ನಿಮಿಷಕ್ಕೊಮ್ಮೆ ವಿಪಿಎಸ್ ಮುಟ್ಟಿ ನೋಡಿದರೂ ನಡೆಯುತ್ತದೆ.

ಅಲರ್ಟ್ ಎಲ್ಲಿಗೆ ಬರಬೇಕು ಅಂದರೆ, ಎರಡಕ್ಕೂ ಟೆಲಿಗ್ರಾಂ ಸುಲಭ, ಒಂದು ಬಾಟ್ ಮಾಡಿ ಗುಂಪಿಗೆ ಸೇರಿಸಿದರಾಯಿತು. ವಾಟ್ಸಾಪ್‌ಗೆ ಬಿಸಿನೆಸ್ ಎಪಿಐ ಬೇಕು, ಸುಮ್ನೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಶುರುವಿನಲ್ಲಿ ಅಲರ್ಟ್ ಕಡಿಮೆ ಇಡಿ. ಯಂತ್ರ ಉತ್ತರ ಕೊಡುತ್ತಿಲ್ಲ, ಡಿಸ್ಕ್ ತುಂಬುತ್ತಿದೆ, ಬ್ಯಾಕಪ್ ಆಗಿಲ್ಲ, ಇಷ್ಟು ಸಾಕು. ಸಿಪಿಯು 90 ದಾಟಿತು ಅನ್ನುವ ಅಲರ್ಟ್ ಒಂದೇ ವಾರದಲ್ಲಿ ಎಲ್ಲರೂ ಗುಂಪನ್ನು ಮ್ಯೂಟ್ ಮಾಡುವಂತೆ ಮಾಡುತ್ತದೆ. ಯಂತ್ರ ಉತ್ತರ ಕೊಡುತ್ತಿಲ್ಲ ಅನ್ನುವುದಕ್ಕೂ ಶಾಖೆಗಳಿಗೆ ಹತ್ತು ಹದಿನೈದು ನಿಮಿಷ ಕಾಯುವಂತೆ ಹೇಳಿ, ಲೈನ್ ಹೋಗಿ ಬರುವುದಕ್ಕೆಲ್ಲ ಎದ್ದು ಕೂರಬೇಕಾಗಿಲ್ಲ.

ಡಿಸ್ಕ್ ವಿಷಯದಲ್ಲಿ ಎರಡು ಸೂಕ್ಷ್ಮ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಸಾಮಾನ್ಯವಾಗಿ ಶೇ. 5 ಜಾಗವನ್ನು ರೂಟ್‌ಗೆ ಮೀಸಲಿಡುತ್ತದೆ, ಆದ್ದರಿಂದ ಅಲರ್ಟನ್ನು ಫ್ರೀ ಅನ್ನುವ ಅಂಕಿಯ ಮೇಲೆ ಕಟ್ಟಬೇಡಿ, ಅವೈಲಬಲ್ ಅನ್ನುವುದರ ಮೇಲೆ ಕಟ್ಟಿ. ಮತ್ತೆ, ಇನೋಡ್ (ಪ್ರತಿ ಫೈಲ್‌ಗೂ ಬೇಕಾಗುವ ದಾಖಲೆ) ತುಂಬಿದರೂ ಡಿಸ್ಕ್ ಫುಲ್ ಅಂತಲೇ ದೋಷ ಬರುತ್ತದೆ, ಜಾಗ ಎಷ್ಟೋ ಉಳಿದಿದ್ದರೂ. ಪಿಎಚ್‌ಪಿ ಸೆಷನ್ ಫೈಲ್‌ಗಳು ಗುಡ್ಡೆ ಬಿದ್ದ ಯಂತ್ರಗಳಲ್ಲಿ ಇದು ಮಾಮೂಲು. ಪ್ರೊಮೀಥಿಯಸ್‌ನಲ್ಲಿ ಪ್ರೆಡಿಕ್ಟ್ ಲೀನಿಯರ್ ಅನ್ನುವ ಫಂಕ್ಷನ್ ಬಳಸಿ, ಕಳೆದ ಆರು ಗಂಟೆಯ ಓಟ ನೋಡಿ ನಾಳೆ ಈ ಹೊತ್ತಿಗೆ ತುಂಬುತ್ತದೆಯಾ ಅಂತ ಕೇಳಬಹುದು. ಜ್ಯಾಬಿಕ್ಸ್‌ನಲ್ಲೂ ಅದೇ ಕೆಲಸಕ್ಕೆ ಟೈಮ್‌ಲೆಫ್ಟ್ ಇದೆ.

ಹಾಗಾದರೆ ಯಾರಿಗೆ ಯಾವುದು? ಎಲ್ಲ ಸರ್ವರ್ ಒಂದೇ ಕಡೆ ಇದ್ದು, ತಂಡದಲ್ಲಿ ಯಾಮಲ್‌ಗೆ ಹೆದರದ ಹುಡುಗರಿದ್ದರೆ ನೋಡ್ ಎಕ್ಸ್‌ಪೋರ್ಟರ್ ಮತ್ತು ಪ್ರೊಮೀಥಿಯಸ್. ಊರೂರಿಗೆ ಶಾಖೆ, ನೋಡುವವರು ಒಬ್ಬರೋ ಇಬ್ಬರೋ ಅಂದರೆ ಜ್ಯಾಬಿಕ್ಸ್ ಏಜೆಂಟ್ 2, ಆಕ್ಟಿವ್ ಮೋಡ್. ನೆಟ್‌ಡೇಟಾವನ್ನು ತೊಂದರೆ ಬಂದ ಯಂತ್ರಕ್ಕೆ ಕೆಲವು ದಿನ ಹಾಕಿ ತೆಗೆಯಿರಿ.

ಒಂದು ಗುಂಪು ಮಾತ್ರ ಉಳಿಯುತ್ತದೆ: ಇನ್ನೂ ಸೆಂಟ್‌ಓಎಸ್ 7 ಅನ್ನುವ ಹಳೆಯ ಲಿನಕ್ಸ್‌ನಲ್ಲೇ ಇರುವವರು. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದು, ಹಳೆಯ ಮಿರರ್ ವಿಳಾಸಗಳಲ್ಲಿ ಯಮ್ ಕೆಲಸ ಮಾಡುವುದಿಲ್ಲ, ರೆಪೊಗಳನ್ನು ವಾಲ್ಟ್ ಅನ್ನುವ ಹಳೆಯ ಸಂಗ್ರಹದ ಕಡೆಗೆ ತಿರುಗಿಸಬೇಕು. ಆ ಯಂತ್ರ ಬದಲಿಸುವವರೆಗೂ ಏನಾದರೂ ಬೇಕು ಅಂದರೆ ನೋಡ್ ಎಕ್ಸ್‌ಪೋರ್ಟರ್‌ನ ಒಂಟಿ ಫೈಲೇ ಸುಲಭ, ಅದಕ್ಕೆ ಯಾವ ಲೈಬ್ರರಿಯೂ ಬೇಡ, ಇಳಿಸಿ ಓಡಿಸಬಹುದು. ಆ ಯಂತ್ರವನ್ನು ಯಾವ ತಿಂಗಳು ಬದಲಿಸುತ್ತೀರಿ ಅಂತಲೂ ಅದೇ ದಿನ ಬರೆದಿಟ್ಟುಕೊಳ್ಳಿ.